ಪಿಡುಗಿನ ಕಾಲದಲ್ಲಿ ಮನಸ್ಸಿನ ದವಾಖಾನೆ

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ 76 ವರ್ಷ. ಸೌದಿ ಅರೇಬಿಯಾದಿಂದ ಮರಳಿ ಬಂದು ಎರಡು ವಾರವೂ ಆಗಿರಲಿಲ್ಲ. ಅದು ಕೋವಿಡ್‌ನಿಂದಾದ ಸಾವು, ದೇಶದಲ್ಲೇ ಮೊದಲನೆಯದು ಎಂದು ಮಾರ್ಚ್ 12ರಂದು ಪ್ರಕಟವಾಯಿತು. ಅವರ ಮನೆಯವರೊಬ್ಬರಿಗೂ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರಿಗೂ ಸೋಂಕು ತಗಲಿತು. ಬಂದೇನವಾಜರ ಊರು, ಶರಣಬಸವೇಶ್ವರರ ಊರು ಎಂದು ಹೆಸರಾಗಿದ್ದ ನಮ್ಮ ಊರು ಒಂದೇ ದಿನದಲ್ಲಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಂಗಡಿಗಳ ಬಾಗಿಲು ಬಿದ್ದವು. ಓಣಿಗಳಲ್ಲಿ ಮಂದಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದರು.

ಆ ದಿನಗಳ ಇತಿಹಾಸವನ್ನು ನಾವು ಈಗಾಗಲೇ ಒಂದು ರೀತಿಯಲ್ಲಿ ಬರೆದಿಟ್ಟುಕೊಂಡಿದ್ದೇವೆ. ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ, ಎಷ್ಟು ಸಾವು, ಎಷ್ಟು ಮೈಲಿ ನಡಿಗೆ. ಆದರೆ ಆ ಲೆಕ್ಕದೊಳಗೆ ಬಾರದ ಇನ್ನೊಂದು ಸಂಗತಿ ಇದೆ. ಮನಸ್ಸಿಗೆ ಮದ್ದು ಕೊಡುವವರು, ವರ್ತನೆಯನ್ನು ತಿದ್ದುವವರು, ಮಾತು ಬಾರದ ಮಗುವಿಗೆ ಮಾತು ಕಲಿಸುವವರು ಆ ದಿನಗಳಲ್ಲಿ ಏನು ಮಾಡಿದರು? ಬಾಗಿಲು ಮುಚ್ಚಬೇಕೋ ತೆರೆದಿಡಬೇಕೋ ಎಂಬುದನ್ನು ಯಾರನ್ನು ಕೇಳಿ ತೀರ್ಮಾನಿಸಿದರು? ಈ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ನಮಗೂ ಇದು ತಾನಾಗಿ ಹೊಳೆದದ್ದಲ್ಲ. ಆಳಂದ ತಾಲೂಕಿನ ಸರಸಂಬಾದಲ್ಲಿ ಒಬ್ಬ ತಾಯಿ ನಮಗೆ ಅದನ್ನು ಕಲಿಸಿದಳು.

ಸರಸಂಬಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಅಲ್ಲಿಯ ಮಂದಿಯ ಬಾಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಸಲೀಸಾಗಿ ಓಡಾಡುತ್ತವೆ. ತೊಗರಿ ಕೈಕೊಟ್ಟ ವರ್ಷ ಜನ ಮುಂಬೈಗೋ ಪುಣೆಗೋ ಹೋಗುತ್ತಾರೆ. ನಾವು ಹೇಳುತ್ತಿರುವ ತಾಯಿಯ ಗಂಡನೂ ಹಾಗೆ ಮುಂಬೈಗೆ ಹೋದವನು. ಅವರ ಎರಡನೆಯ ಮಗನಿಗೆ ಆಗ ಆರು ವರ್ಷ. ಮಾತು ಬಂದಿರಲಿಲ್ಲ, ಕರೆದರೆ ತಿರುಗಿ ನೋಡುತ್ತಿರಲಿಲ್ಲ, ತನಗೆ ಬೇಕಾದದ್ದು ಸಿಗದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ತಾವೀಜು, ದುವಾ, ಹರಕೆ ಎಲ್ಲ ಆದ ಮೇಲೆ ಯಾರೋ ಹೇಳಿದರೆಂದು ಅವಳು ನಗರದ ಒಂದು ಕೇಂದ್ರಕ್ಕೆ ಹೋದಳು. ಆಟಿಸಂ ಎಂದರು. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಮಗನನ್ನು ಕರೆದೊಯ್ದು ವರ್ತನಾ ಚಿಕಿತ್ಸೆ ಕೊಡಿಸುತ್ತಿದ್ದಳು. ಒಂಬತ್ತು ತಿಂಗಳಲ್ಲಿ ಆ ಹುಡುಗ ಎರಡು ಶಬ್ದ ಕಲಿತ: 'ಪಾನಿ', 'ಔರ್'. ಮೂರನೆಯದು ಬಾಯಿಗೆ ಬರುವ ಹೊತ್ತಿಗೆ ಬಸ್ಸು ನಿಂತಿತು.

(ಈ ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇವೆ. ಏಕೆ ಬಿಟ್ಟೆವು ಎಂಬುದು ಲೇಖನದ ಕೊನೆಯ ಹೊತ್ತಿಗೆ ಓದುಗರಿಗೆ ತಿಳಿದೀತು.)

ಪಿಡುಗಿನ ಕಾಲದ ನಿರ್ಧಾರಗಳ ಬಗ್ಗೆ ಮಾತಾಡುವಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಖಲೀಫ ಉಮರ್ ಅವರ ಸಿರಿಯಾ ಪ್ರಯಾಣ. ಕ್ರಿ.ಶ. 638-39ರ ಸುಮಾರಿಗೆ ಸಿರಿಯಾದಲ್ಲಿ ಅಮವಾಸ್‌ನ ಪ್ಲೇಗು ಹಬ್ಬಿತ್ತು. ಸರಗ್ ಎಂಬ ಸ್ಥಳದಲ್ಲಿ ಈ ಸುದ್ದಿ ತಿಳಿದಾಗ ಉಮರ್ ಒಬ್ಬರೇ ಕೂತು ಆಜ್ಞೆ ಹೊರಡಿಸಲಿಲ್ಲ. ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು. ಎರಡೂ ಗುಂಪಿನಲ್ಲಿ ಭಿನ್ನಾಭಿಪ್ರಾಯ ಬಂತು. ಆಮೇಲೆ ಕುರೈಶರ ಹಿರಿಯರನ್ನು ಕೇಳಿ ಮರಳಿ ಹೋಗಲು ತೀರ್ಮಾನಿಸಿದರು. ಸೇನಾನಿ ಅಬೂ ಉಬೈದಾ ಅವರು, ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಆಕ್ಷೇಪಿಸಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಪಿಡುಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಅದು ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿವರ್ಯರ ಬೋಧನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್ ಅವರು ನೆನಪಿಸಿಕೊಟ್ಟ ಮೇಲೆ ಆ ಚರ್ಚೆ ಮುಗಿಯಿತು.

ಈ ಪ್ರಸಂಗವನ್ನು 2020ರಲ್ಲಿ ಎಷ್ಟೋ ಸಲ ಕೇಳಿದೆವು. ಮಸೀದಿಗಳಲ್ಲಿ ಸಾಮೂಹಿಕ ನಮಾಜು ನಿಂತಾಗ, ರಂಜಾನ್ ತಿಂಗಳನ್ನು ಮನೆಯಲ್ಲೇ ಕಳೆದಾಗ ಉಲೇಮಾಗಳು ಇದನ್ನೇ ಹೇಳಿದರು. ಆದರೆ ಅದರ ಎರಡನೆಯ ಅರ್ಧವನ್ನು ಹೇಳಿದವರು ಕಡಿಮೆ. ಉಮರ್ ಹಿಂದಿರುಗಿದರು, ಅಬೂ ಉಬೈದಾ ತಮ್ಮ ಜನರ ಜೊತೆಗೇ ಉಳಿದು ಅದೇ ಪ್ಲೇಗಿಗೆ ತುತ್ತಾದರು. ಒಬ್ಬರು ತಮ್ಮ ಜೊತೆಗಿದ್ದವರನ್ನು ಅಪಾಯದೊಳಗೆ ಕರೆದೊಯ್ಯಲಿಲ್ಲ. ಇನ್ನೊಬ್ಬರು ತಮ್ಮ ಸುಪರ್ದಿಯಲ್ಲಿದ್ದವರನ್ನು ಬಿಟ್ಟು ಹೊರಡಲಿಲ್ಲ. ಇಬ್ಬರನ್ನೂ ಇತಿಹಾಸ ಗೌರವದಿಂದಲೇ ನೆನೆಯುತ್ತದೆ. ಚಿಕಿತ್ಸಕರ ಮುಂದೆ ಪಿಡುಗಿನ ಕಾಲದಲ್ಲಿ ನಿಲ್ಲುವ ಇಕ್ಕಟ್ಟೂ ಇದೇ. ಹೋದರೆ ರೋಗ ಒಯ್ಯುತ್ತೇನೆ, ಹೋಗದಿದ್ದರೆ ನನ್ನನ್ನು ನಂಬಿದವರನ್ನು ಕೈಬಿಡುತ್ತೇನೆ.

ನಮ್ಮ ನೆಲದಲ್ಲೂ ಇಂಥ ಉದಾಹರಣೆಗಳಿಗೆ ಬರವಿಲ್ಲ. 1896-97ರಲ್ಲಿ ಮುಂಬೈ, ಪುಣೆಗಳಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ತಮ್ಮ ಮಗ ಯಶವಂತನ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆಗೆ ನಿಂತರು. ಸೋಂಕು ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅದೇ ವರ್ಷ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಮನೆಗಳಿಗೆ ನುಗ್ಗಿ ತಪಾಸಣೆ ಮಾಡುವ, ಮಂದಿಯನ್ನು ಬೇರೆಡೆ ಒಯ್ದಿಡುವ ಅಧಿಕಾರ ಅಧಿಕಾರಿಗಳಿಗೆ ದೊರೆಯಿತು. ಪುಣೆಯಲ್ಲಿ ಅದರಿಂದಾದ ಅವಮಾನ, ಆಕ್ರೋಶ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಕೊಲೆಯವರೆಗೂ ಹೋಯಿತು. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಮುಂದೆ 2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿಯನ್ನು ಹೊರಡಿಸಿದ್ದು ಅದೇ 1897ರ ಕಾಯ್ದೆಯ ಬಲದಿಂದ. ಆ ಕಾಯ್ದೆಯಲ್ಲಿ ಶರೀರವನ್ನು ಹಿಡಿದಿಡುವ ಅಧಿಕಾರವಿತ್ತು. ಹಿಡಿದಿಟ್ಟ ಶರೀರದೊಳಗಿನ ಮನಸ್ಸಿಗೆ ಏನಾಗುತ್ತದೆ ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮನಸ್ಸಿನ ಚಿಕಿತ್ಸೆಯ ಚರಿತ್ರೆ ಬೇರೆಯೇ ದಾರಿಯಲ್ಲಿ ಸಾಗಿ ಬಂದಿದೆ. ಹತ್ತನೆಯ ಶತಮಾನದ ಆರಂಭದಲ್ಲೇ ಬಲ್ಖ್‌ನ ಅಬೂ ಝೈದ್ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಮದ್ದನ್ನು ಮುಂಚೆಯೇ ಮನೆಯಲ್ಲಿ ತಂದಿಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಿಂದಿರುವಾಗ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಂಡು ಕಷ್ಟ ಬಂದಾಗ ಬಳಸಬೇಕು ಎಂಬುದು ಅವರ ಸಲಹೆಯಾಗಿತ್ತು. ಇಂದಿನ ವರ್ತನಾ ಚಿಕಿತ್ಸಕರು ಹೇಳುವುದೂ ಇದಕ್ಕೆ ತೀರ ದೂರವಿಲ್ಲ. ಕರ್ನಾಟಕದಲ್ಲಿ 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ರೋಗಿಯ ಜೊತೆ ಮನೆಯವರೂ ಉಳಿದು ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಪದ್ಧತಿಯನ್ನು ಬೆಳೆಸಿದ ಸಂಸ್ಥೆ ಅದು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಬಳ್ಳಾರಿಯೇ ಮಾದರಿ. 2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡನ್ನು ಶುರುಮಾಡಿತು.

ಇಷ್ಟಾದರೂ ಅಂತರ ದೊಡ್ಡದೇ ಇತ್ತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆಯ ಬಗೆಯನ್ನು ಅವಲಂಬಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹಾಗಾದರೆ ಇವರೆಲ್ಲ ಎಲ್ಲಿಗೆ ಹೋಗುತ್ತಿದ್ದರು? ನಮ್ಮ ಸೀಮೆಯವರಿಗೆ ಉತ್ತರ ಗೊತ್ತು. ಆಳಂದದ ಲಾಡ್ಲೆ ಮಶಾಯಿಖರ ದರ್ಗಾಕ್ಕೆ, ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತಾತ್ರೇಯನ ಸನ್ನಿಧಿಗೆ, ಕಲಬುರಗಿಯ ಬಂದೇನವಾಜರ ಆಸ್ತಾನಕ್ಕೆ. ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ 'ಮೈಯಲ್ಲಿ ಬಂದವರು' ಕಂಬ ಹತ್ತುವುದನ್ನು, ಕೂಗುವುದನ್ನು ಕಂಡವರು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ಆ ಚಿಕಿತ್ಸೆಯಲ್ಲಿ ಎಷ್ಟು ನಂಬಿಕೆ, ಎಷ್ಟು ಮೌಢ್ಯ ಎಂಬ ವಾದ ಇಲ್ಲಿ ಬೇಡ. ಕೂಗಲು ಒಂದು ಜಾಗ, ಕೂಗನ್ನು ಕಂಡು ಹೆದರದ ನಾಲ್ಕು ಮಂದಿ ಅಲ್ಲಿ ಸಿಗುತ್ತಿದ್ದರು ಎಂಬುದಂತೂ ಸುಳ್ಳಲ್ಲ. 2020ರ ಮಾರ್ಚ್ ಕೊನೆಯ ಹೊತ್ತಿಗೆ ದೇವಸ್ಥಾನ, ದರ್ಗಾ, ಹೊರರೋಗಿಗಳ ವಿಭಾಗ ಎಲ್ಲ ಒಟ್ಟಿಗೇ ಮುಚ್ಚಿದವು. ಹಳ್ಳಿಯ ಬಡವರಿಗೆ ಇದ್ದ ಮೂರು ಬಾಗಿಲುಗಳಲ್ಲಿ ಒಂದೂ ಉಳಿಯಲಿಲ್ಲ.

ಇದು ನಮ್ಮ ಸೀಮೆಯ ಕತೆ ಮಾತ್ರವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 130 ದೇಶಗಳಲ್ಲಿ ಸಮೀಕ್ಷೆ ನಡೆಸಿ 2020ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ. 93 ದೇಶಗಳಲ್ಲಿ ಮಾನಸಿಕ ಆರೋಗ್ಯದ ಒಂದಲ್ಲ ಒಂದು ಸೇವೆ ಅಡ್ಡಿಗೊಳಗಾಗಿತ್ತು ಎಂದಿತು. ಮನಸ್ಸಿನ ಚಿಕಿತ್ಸೆ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ಅದು ಇಲ್ಲವಾಗಿತ್ತು.

ಇಲ್ಲಿ ಮೊದಲ ನೈತಿಕ ಪ್ರಶ್ನೆ ಏಳುತ್ತದೆ: ಈ ಚಿಕಿತ್ಸೆ 'ಅಗತ್ಯ ಸೇವೆ'ಯೇ? ಹೃದಯಾಘಾತವಾದವನಿಗೆ ಆಸ್ಪತ್ರೆ ಬೇಕು ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ಆಟಿಸಂ ಇರುವ ಮಗುವಿಗೆ ವಾರಕ್ಕೆರಡು ದಿನದ ಪಾಠ ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರೇ ಹೆಚ್ಚು. ಅಂಥ ಮಗುವಿಗೆ ದಿನಚರಿಯೇ ಊರುಗೋಲು ಎಂದು ಬಲ್ಲವರು ಹೇಳುತ್ತಾರೆ. ಊರುಗೋಲು ಕಿತ್ತುಕೊಂಡರೆ ಮಗು ನಿಂತಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ದಿನಕ್ಕೆ ಒಂದೇ ಸಲ ವ್ಯಾಯಾಮಕ್ಕೆ ಹೊರಬರಬೇಕೆಂಬ ನಿಯಮದಿಂದ ಆಟಿಸಂ ಇರುವವರಿಗೆ 2020ರ ಏಪ್ರಿಲ್‌ನಲ್ಲಿ ವಿನಾಯಿತಿ ಕೊಡಬೇಕಾಯಿತು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ; ವಿಪತ್ತಿನ ಕಾಲದಲ್ಲೂ ಅಂಥವರಿಗೆ ಸಮಾನ ರಕ್ಷಣೆ ಸಿಗಬೇಕೆಂದು ಅದರ 8ನೆಯ ಕಲಮು ಹೇಳುತ್ತದೆ. ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆಯೂ ಲಾಕ್‌ಡೌನ್ ಶುರುವಾದ ವಾರದಲ್ಲೇ ಆರೈಕೆದಾರರ ಓಡಾಟಕ್ಕೆ ಅವಕಾಶ ಕೊಡಬೇಕೆಂದು ಮಾರ್ಗಸೂಚಿ ಹೊರಡಿಸಿತು. ಆದರೆ ಆ ಕಾಗದ ದೆಹಲಿಯಿಂದ ಹೊರಟು ಸರಸಂಬಾದ ಬಸ್ ನಿಲ್ದಾಣ ಮುಟ್ಟಬೇಕಲ್ಲ! ಮುಟ್ಟಿದ್ದರೂ ಅಲ್ಲಿ ಬಸ್ಸಿರಲಿಲ್ಲ.

ನಾವು ಹೇಳಿದ ಹುಡುಗನ ಚಿಕಿತ್ಸಕಿ ನಗರದ ಬಾಡಿಗೆ ಮನೆಯಲ್ಲಿ ವಯಸ್ಸಾದ ತಾಯಿಯ ಜೊತೆ ಇದ್ದವಳು. ಅನುಮತಿ ಪತ್ರ ಪಡೆದು ಹಳ್ಳಿಗೆ ಹೋಗಿಬರಬಹುದಿತ್ತು. ಹೋದರೆ ತನ್ನಿಂದ ಆ ಹಳ್ಳಿಗೋ, ಆ ಹಳ್ಳಿಯಿಂದ ತನ್ನ ತಾಯಿಗೋ ರೋಗ ಬರಬಹುದಿತ್ತು. ಬಾಯಿ ಮುಖ ಮುಚ್ಚಿಕೊಂಡರೆ ಆ ಮಗು ಅವಳ ತುಟಿ ನೋಡಿ ಕಲಿಯುವಂತಿರಲಿಲ್ಲ. ಆಗ ತನ್ನನ್ನು ತಾನು ಕೇಳಿಕೊಂಡ ಪ್ರಶ್ನೆಗಳನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ನಾನು ಹೋಗದಿದ್ದರೆ ಮಗುವಿನ ಜೀವಕ್ಕೆ ಅಪಾಯವಿದೆಯೇ? ನಾನು ಮಾಡುವ ಕೆಲಸದಲ್ಲಿ ಎಷ್ಟು ಭಾಗ ತಾಯಿ ಮಾಡಬಲ್ಲಳು? ಅವಳಿಗೆ ಕಲಿಸುವ ಯೋಗ್ಯತೆ ನನಗಿದೆಯೇ? ಫೋನಿನಲ್ಲಿ ಮಾಡಿದ ಕೆಲಸಕ್ಕೆ ಪೂರ್ತಿ ಶುಲ್ಕ ಪಡೆಯುವುದು ನ್ಯಾಯವೇ? ಹೀಗೆ ಮಾಡುತ್ತಿರುವುದು ಮಗುವಿಗಾಗಿಯೋ, ನನ್ನ ಸಂಬಳಕ್ಕಾಗಿಯೋ? ಅಮೆರಿಕದಲ್ಲಿ ವರ್ತನಾ ಚಿಕಿತ್ಸಕರಿಗೆ ಪ್ರಮಾಣಪತ್ರ ಕೊಡುವ ಮಂಡಳಿಯೂ ಆ ದಿನಗಳಲ್ಲೇ ತನ್ನ ಸದಸ್ಯರಿಗೆ ನೈತಿಕ ಮಾರ್ಗದರ್ಶನ ಕೊಟ್ಟಿತ್ತು ಎಂದು ನಾವು ಆಮೇಲೆ ತಿಳಿದೆವು. ಈ ಹುಡುಗಿಗೆ ಅದು ಗೊತ್ತಿರಲಿಲ್ಲ. ಉಮರ್ ಮೂರು ಗುಂಪುಗಳನ್ನು ಕೇಳಿದ್ದರು. ಇವಳಿಗೆ ಕೇಳಲು ಒಬ್ಬರೂ ಇರಲಿಲ್ಲ. ಕಡೆಗೆ ಹೋಗದಿರಲು, ಆದರೆ ಬಿಡದಿರಲು ತೀರ್ಮಾನಿಸಿದಳು. ದಿನಕ್ಕೆ ಇಪ್ಪತ್ತು ನಿಮಿಷ ಫೋನಿನಲ್ಲಿ ತಾಯಿಗೆ ಹೇಳಿಕೊಡತೊಡಗಿದಳು.

ಫೋನಿನ ಚಿಕಿತ್ಸೆಗೆ ಸರ್ಕಾರ ಒಪ್ಪಿಗೆಯ ಮುದ್ರೆ ಒತ್ತಿದ್ದೂ ಅದೇ ವಾರ. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ, ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯದ ಮಾರ್ಗಸೂಚಿಯನ್ನು ಪ್ರಕಟಿಸಿತು. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದು ಭಾವಿಸಬಹುದು. ವೈದ್ಯರು ತಾವಾಗಿ ಕರೆ ಮಾಡಿದರೆ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಮಾದಕ ಹಾಗೂ ಮನೋಪ್ರಭಾವಿ ವಸ್ತುಗಳ ಕಾಯ್ದೆಯಡಿ ಬರುವ ಮದ್ದುಗಳನ್ನು ಫೋನಿನ ಮೇಲೆ ಬರೆದುಕೊಡಕೂಡದು ಎಂದು ಅದು ಹೇಳಿತು. ಆದರೆ ಅದು ನೋಂದಾಯಿತ ವೈದ್ಯರಿಗಾಗಿ ಬರೆದದ್ದು. ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು, ವರ್ತನಾ ಚಿಕಿತ್ಸಕರು ಅದರ ಹೊರಗಿದ್ದರು. ನಿಮ್ಹಾನ್ಸ್ ಆ ವರ್ಷವೇ ದೂರ ಮನೋಚಿಕಿತ್ಸೆಗೆ ಬೇರೆ ಮಾರ್ಗಸೂಚಿ ತಂದಿತು. ಭಾರತೀಯ ಮನೋವೈದ್ಯರ ಸಂಘದ ಜೊತೆಗೂಡಿ ದೂರ ಮನೋವೈದ್ಯಕ್ಕೂ ನಿಯಮಗಳನ್ನು ರೂಪಿಸಿತು. ಸಂಕಟದಲ್ಲಿರುವವರಿಗಾಗಿ ದೇಶದುದ್ದಕ್ಕೂ ನಡೆಯುವ ಸಹಾಯವಾಣಿಯೊಂದನ್ನು ಮಾರ್ಚ್ ತಿಂಗಳಲ್ಲೇ ತೆರೆಯಿತು.

ಕಾಗದದ ಮೇಲೆ ಎಲ್ಲ ಸರಿ. ಆದರೆ 'ರೋಗಿಯೇ ಕರೆ ಮಾಡಿದರೆ' ಎಂಬ ಮಾತನ್ನು ನಮ್ಮ ಹಳ್ಳಿಯ ಮನೆಯಲ್ಲಿಟ್ಟು ನೋಡಿ. ಫೋನು ಮೈದುನನದು. ಸಿಗ್ನಲ್ಲು ಮಾಳಿಗೆಯ ಮೇಲೆ. ಮಾತಾಡುವವಳು ಹೆಂಗಸು, ಕೇಳಿಸಿಕೊಳ್ಳುವವರು ಅತ್ತೆ, ನಾದಿನಿ, ಪಕ್ಕದ ಮಾಳಿಗೆಯವರು. ಗಂಡನ ಹೊಡೆತದ ಬಗ್ಗೆ ಹೇಳಬೇಕಾದವಳು ಗಂಡನ ಫೋನಿನಿಂದಲೇ ಹೇಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಕಲಮು ಚಿಕಿತ್ಸೆಯ ಮಾತು ಗುಟ್ಟಾಗಿರಬೇಕೆನ್ನುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಆ ಗುಟ್ಟಿಗೆ ಬಾಗಿಲು ಎಲ್ಲಿಂದ ತರಬೇಕು? ಸಹಾಯವಾಣಿಯಲ್ಲಿ ಕುಳಿತವರು ಮೊದಲು ಕೇಳಬೇಕಾದ ಪ್ರಶ್ನೆ 'ನಿಮ್ಮ ತೊಂದರೆ ಏನು' ಎಂಬುದಲ್ಲ, 'ಈಗ ಮಾತಾಡಲು ನಿಮಗೆ ಅನುಕೂಲವಿದೆಯೇ' ಎಂಬುದು. ಹೌದು, ಅಲ್ಲ ಎಂಬಷ್ಟರಲ್ಲೇ ಉತ್ತರಿಸಬಹುದಾದ ಹಾಗೆ ಪ್ರಶ್ನೆ ಕೇಳುವುದೂ ಚಿಕಿತ್ಸೆಯ ಭಾಗ.

ಗುಟ್ಟಿನ ವಿಷಯದಲ್ಲಿ ಸರ್ಕಾರವೇ ಎಡವಿದ್ದನ್ನೂ ಇಲ್ಲಿ ಹೇಳಬೇಕು. ಆ ಮಾರ್ಚ್ ತಿಂಗಳಲ್ಲಿ ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ಕೈಮೇಲೆ ಮುದ್ರೆ ಒತ್ತಲಾಯಿತು. ಅವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಲಾಯಿತು. ತಿಂಗಳ ಕೊನೆಗೆ, ಗಂಟೆಗೊಮ್ಮೆ ತಮ್ಮ ಭಾವಚಿತ್ರ ತೆಗೆದು ಕಳಿಸಬೇಕೆಂಬ ಆದೇಶವೂ ಬಂತು. ರೋಗ ಹರಡದಿರಲಿ ಎಂಬ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಳಾಸ ಬೀದಿಗೆ ಬಿದ್ದ ಮನೆಯವರಿಗೆ ಹಾಲಿನವನು ಹಾಲು ಹಾಕಲಿಲ್ಲ, ಬಾಡಿಗೆ ಮನೆಯವರು ಮನೆ ಬಿಡಿ ಎಂದರು. ಅಂಥ ಮನೆಗೆ ಫೋನು ಮಾಡಿ 'ಧೈರ್ಯವಾಗಿರಿ' ಎನ್ನುವ ಕೆಲಸ ಅದೇ ಸರ್ಕಾರದ ಆಪ್ತಸಮಾಲೋಚಕರದಾಗಿತ್ತು. ಹೆಸರು ಬಯಲು ಮಾಡಿದ ಕೈ, ಕಣ್ಣೊರೆಸಲು ಬಂದ ಕೈ ಎರಡೂ ಒಂದೇ ಎಂದು ತಿಳಿದವನು ತನ್ನ ಮನಸ್ಸನ್ನು ಬಿಚ್ಚುವುದು ಹೇಗೆ?

ನಮ್ಮ ಸಮುದಾಯದ ಮಟ್ಟಿಗೆ ಈ ಗಾಯ ಇನ್ನೂ ಆಳವಾಗಿತ್ತು. ದೆಹಲಿಯ ನಿಜಾಮುದ್ದೀನ್ ಸಭೆಯ ಸುದ್ದಿ ಬಂದ ಮೇಲೆ ರೋಗಕ್ಕೇ ಧರ್ಮದ ಹೆಸರು ಅಂಟಿತು. ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳುವ ಕಾಲ ಬಂತು. ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು 2020ರ ಆಗಸ್ಟ್ 21ರಂದು ರದ್ದುಪಡಿಸಿದ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಜ್ವರ ಬಂದರೂ ಹೇಳದೆ ಮುಚ್ಚಿಟ್ಟುಕೊಂಡವರನ್ನು ನಾವು ಬಲ್ಲೆವು. ಮುಚ್ಚಿಟ್ಟದ್ದು ತಪ್ಪು. ಅವರನ್ನು ಮುಚ್ಚಿಡುವ ಸ್ಥಿತಿಗೆ ತಂದದ್ದೂ ತಪ್ಪು. ಅವಮಾನದ ಭಯವಿದ್ದಲ್ಲಿ ಶರೀರದ ಚಿಕಿತ್ಸೆಯೂ ನಡೆಯದು, ಮನಸ್ಸಿನದೂ ನಡೆಯದು.

ಇನ್ನೊಂದು ಕಠಿಣ ಪ್ರಶ್ನೆ ಕುಡಿತದ್ದು. ಕುಡಿತವನ್ನು ಹರಾಮ್ ಎಂದು ನಂಬಿ ಬೆಳೆದ ನಮಗೆ ಇದರ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಲಾಕ್‌ಡೌನ್ ಜೊತೆಗೇ ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 4ರಂದು. ಒಳ್ಳೆಯದಾಯಿತು ಎಂದವರು ಬಹಳ. ಆದರೆ ವರ್ಷಗಟ್ಟಲೆ ಕುಡಿದ ಶರೀರಕ್ಕೆ ಒಮ್ಮೆಲೇ ಮದ್ಯ ನಿಂತರೆ ನಡುಕ, ಅಪಸ್ಮಾರ, ಭ್ರಮೆ ಬರಬಹುದು, ಜೀವವೂ ಹೋಗಬಹುದು. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ನೋಡಿದ ವೈದ್ಯರು, ಲಾಕ್‌ಡೌನಿನ ಮೊದಲ ದಿನಗಳಲ್ಲಿ ಇಂಥ ತೀವ್ರ ಪ್ರಕರಣಗಳು ಹೆಚ್ಚುಕಡಿಮೆ ದುಪ್ಪಟ್ಟಾದವೆಂದು ಬರೆದರು. ಕೇರಳದಲ್ಲಿ ಆತ್ಮಹತ್ಯೆಗಳ ಸುದ್ದಿ ಬಂದಾಗ ಅಲ್ಲಿಯ ಸರ್ಕಾರ ಮಾರ್ಚ್ 30ರಂದು, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಲು ಆದೇಶ ಹೊರಡಿಸಿತು. ವೈದ್ಯರು ಒಪ್ಪಲಿಲ್ಲ. ಈ ರೋಗಕ್ಕೆ ಮದ್ದಿದೆ, ಮದ್ಯವನ್ನೇ ಮದ್ದೆಂದು ಬರೆಯುವುದು ನಮ್ಮ ವೃತ್ತಿಧರ್ಮವಲ್ಲ ಎಂದರು. ಏಪ್ರಿಲ್ 2ರಂದು ಕೇರಳ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು.

ವೈದ್ಯರ ಮಾತು ನಮಗೆ ಸರಿ ಎನಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಮದ್ದು ಇದೆ ಎನ್ನುವವರು ಅದು ಜೇವರ್ಗಿಯ ಹಳ್ಳಿಯ ಕುಡುಕನಿಗೆ ಎಲ್ಲಿ ಸಿಗುತ್ತದೆ ಎಂದೂ ಹೇಳಬೇಕಾಗುತ್ತದೆ. ಕೈ ನಡುಗುತ್ತಿರುವವನನ್ನು ಪಾಪಿ ಎಂದು ಕರೆದು ಬಾಗಿಲು ಹಾಕಿಕೊಳ್ಳುವುದು ಸುಲಭ. ಪಾಪದ ಲೆಕ್ಕ ನೋಡುವವನು ಬೇರೆ ಇದ್ದಾನೆ. ನಡುಗುವ ಕೈ ಹಿಡಿಯುವ ಕೆಲಸ ಮಾತ್ರ ನಮಗೆ ಬಿಟ್ಟದ್ದು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2020ರ ಮಾರ್ಚ್ 31ರ ಆದೇಶವನ್ನು ನೆನೆಯಬೇಕು. ನಡೆದು ಹೊರಟ ವಲಸೆ ಕಾರ್ಮಿಕರ ಭಯವನ್ನು ಅರ್ಥಮಾಡಿಕೊಳ್ಳಬೇಕು, ಪರಿಹಾರ ಶಿಬಿರಗಳಿಗೆ ತರಬೇತಾದ ಸಮಾಲೋಚಕರು ಮತ್ತು ಎಲ್ಲ ಧರ್ಮಗಳ ಸಮುದಾಯ ಮುಖಂಡರು ಭೇಟಿ ಕೊಡಬೇಕು ಎಂಬುದು ಅದರ ಆಶಯ. ಅನ್ನದ ಜೊತೆ ಸಾಂತ್ವನವೂ ಕೊಡಬೇಕಾದ ವಸ್ತು ಎಂದು ದೇಶದ ಅತಿ ದೊಡ್ಡ ನ್ಯಾಯಾಲಯ ಹೇಳಿದ್ದು ಸಣ್ಣ ಮಾತಲ್ಲ. ಆ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದ ನಮ್ಮ ಜಿಲ್ಲೆಯ ಸಾವಿರಾರು ಮಂದಿಯನ್ನು ಶಾಲೆ, ಹಾಸ್ಟೆಲುಗಳಲ್ಲಿ ಇಡಲಾಯಿತು. ಸರಸಂಬಾದ ಹುಡುಗನ ತಂದೆಯೂ ಹಾಗೆ ಒಂದು ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಕಳೆದ. ಮಗನನ್ನು ಕಂಪೌಂಡಿನ ಆಚೆಯಿಂದ ಕಂಡು ಕೂಗಿದ. ಮಗ ತಿರುಗಿ ನೋಡಲಿಲ್ಲ. ಮಗನಿಗೆ ತಿರುಗಿ ನೋಡಲು ಬರುವುದಿಲ್ಲ ಎಂದು ಗೊತ್ತಿದ್ದೂ ಆ ರಾತ್ರಿ ಅವನು ಊಟ ಬಿಟ್ಟನೆಂದು ತಾಯಿ ನಮಗೆ ಹೇಳಿದಳು.

ಆ ನಡುವೆಯೇ ಇನ್ನೊಂದು ಘಟನೆ ನಡೆಯಿತು. ಹುಡುಗ ಮತ್ತೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ್ದ. ಏನಾಗುತ್ತಿದೆ ಎಂದು ತೋರಿಸಲು ತಾಯಿ ಮೈದುನನಿಂದ ವಿಡಿಯೋ ಮಾಡಿಸಿ ಚಿಕಿತ್ಸಕಿಗೆ ಕಳಿಸಿದಳು. ಅದು ಅಲ್ಲಿಗೇ ನಿಲ್ಲಲಿಲ್ಲ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ, 'ಇದೇ ಕೊರೋನಾ ಬಂದವರ ಲಕ್ಷಣ' ಎಂಬ ಒಕ್ಕಣೆಯೊಂದಿಗೆ ಊರಿಗೇ ಮರಳಿ ಬಂತು. ಮನೆಯ ಮುಂದೆ ಮಂದಿ ಸೇರಿದರು. ಹುಡುಗನನ್ನು ಕಟ್ಟಿಹಾಕಿ, ಇಲ್ಲವೇ ಊರು ಬಿಡಿಸಿ ಎಂದರು.

ಕಟ್ಟಿಹಾಕಿ ಎಂಬ ಮಾತು ಕೇಳಿದಾಗ ನಮಗೆ ನೆನಪಾದದ್ದು ಏರ್ವಾಡಿ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಆ ದರ್ಗಾ ಊರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಮಾನಸಿಕ ರೋಗಿಗಳ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಸುಟ್ಟು ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2017ರ ಕಾಯ್ದೆಯ 95ನೆಯ ಕಲಮು, ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಿಗಿಯಕೂಡದು ಎನ್ನುತ್ತದೆ. ಆ ಒಂದು ಸಾಲಿನ ಹಿಂದೆ ಏರ್ವಾಡಿಯ ನೆನಪಿದೆ. ಸರಪಳಿ ಹಾಕಿದವರೆಲ್ಲ ಕ್ರೂರಿಗಳೇನೂ ಆಗಿರಲಿಲ್ಲ. ಬೇರೆ ದಾರಿ ಕಾಣದ ಮನೆಯವರು, ಬೇರೆ ಯೋಚನೆ ಮಾಡದ ನಡೆಸುವವರು, ಕಂಡೂ ಕಾಣದಂತಿದ್ದ ನಾವು. ತುರ್ತು ಎಂಬ ಹೆಸರಿನಲ್ಲಿ ಒಮ್ಮೆ ಕಟ್ಟಿದ ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಸರಸಂಬಾದಲ್ಲಿ ಆ ದಿನ ಹಗ್ಗ ಬೀಳಲಿಲ್ಲ. ಒಬ್ಬ ಆಶಾ ಕಾರ್ಯಕರ್ತೆ, ಮಸೀದಿಯ ಇಮಾಮರು, ಊರಿನ ಒಬ್ಬ ನಿವೃತ್ತ ಮಾಸ್ತರರು ಮನೆಯ ಮುಂದೆ ನಿಂತು, ಇದು ರೋಗವಲ್ಲ, ಹುಟ್ಟಿದಾಗಿನಿಂದ ಈ ಮಗು ಹೀಗೇ ಎಂದು ಒಬ್ಬೊಬ್ಬರಿಗೂ ತಿಳಿಹೇಳಿದರು. ಚಿಕಿತ್ಸಕಿ ಫೋನಿನಲ್ಲಿ ಅತ್ತಳಂತೆ. ವಿಡಿಯೋ ಕಳಿಸಿ ಎಂದು ಕೇಳಿದವಳು ಅವಳೇ. ಕೇಳುವ ಮುಂಚೆ, ಅದು ಯಾರ ಫೋನು, ಯಾರು ನೋಡುತ್ತಾರೆ, ನೋಡಿದ ಮೇಲೆ ಅಳಿಸಬೇಕು ಎಂದು ಹೇಳಬೇಕಾಗಿತ್ತು, ಹೇಳಿರಲಿಲ್ಲ. ಆ ತಪ್ಪನ್ನು ತಾಯಿಯ ಮುಂದೆ ಒಪ್ಪಿಕೊಂಡಳು, ಕ್ಷಮೆ ಕೇಳಿದಳು. ಮರುದಿನದಿಂದ ಬರೀ ಮಾತಿನಲ್ಲೇ ವರದಿ ಪಡೆದಳು. ತಪ್ಪೇ ಆಗದ ಹಾಗೆ ನಡೆಯಲು ಆ ದಿನಗಳಲ್ಲಿ ಯಾರಿಂದಲೂ ಆಗಲಿಲ್ಲ. ಆದ ತಪ್ಪನ್ನು ಮುಚ್ಚದೆ ಹೇಳಿದವರು ಮಾತ್ರ ಕೆಲವರೇ.

ನಮ್ಮ ಹಿರಿಯರು, ಕೂಟದಲ್ಲಿ ಕೇಳಿದ ಮಾತು ಅಮಾನತ್ ಎನ್ನುತ್ತಿದ್ದರು. ಇನ್ನೊಬ್ಬರು ನಂಬಿ ನಮ್ಮಲ್ಲಿಟ್ಟ ವಸ್ತು ಅದು. ಖರ್ಚು ಮಾಡಲು ನಮಗೆ ಹಕ್ಕಿಲ್ಲ. ಈ ಕುಟುಂಬದ ಹೆಸರು, ಓಣಿ, ಕೇಂದ್ರದ ಗುರುತು ನಾವು ಕೊಡದಿರುವುದು ಅದೇ ಕಾರಣಕ್ಕೆ. ಕತೆ ಬರೆಯುವವರಿಗೆ ಇನ್ನೊಬ್ಬರ ನೋವು ಸುಲಭದ ಬಂಡವಾಳ. ಪ್ರಕಟಿಸುವ ಮುಂಚೆ ಈ ಬರಹವನ್ನು ಆ ತಾಯಿಗೆ ಓದಿ ಹೇಳಿದೆವು. ಎರಡು ಕಡೆ ಬೇಡ ಎಂದಳು, ತೆಗೆದೆವು.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸೇವೆಯನ್ನು ಶುರುಮಾಡಿತು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಸಮಾಲೋಚಕರು ಸಿಗುತ್ತಾರೆ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕೋವಿಡ್ ಕಲಿಸಿದ ಪಾಠದಿಂದ ಹುಟ್ಟಿದ ಒಳ್ಳೆಯ ಕೆಲಸ ಇದು. ಆದರೆ ಮುಂದಿನ ಪಿಡುಗು ಬಂದಾಗ ಬಾಗಿಲು ಮುಚ್ಚುವ ತೀರ್ಮಾನವನ್ನು ಯಾರು, ಯಾರನ್ನು ಕೇಳಿ ಮಾಡುತ್ತಾರೆ? ಹಳ್ಳಿಯ ಚಿಕಿತ್ಸಕಿಗೆ ಸಂಶಯ ಬಂದಾಗ ಕೇಳಲು ಒಬ್ಬ ಹಿರಿಯರು ಇರುತ್ತಾರೆಯೇ? ಆಟಿಸಂ ಇರುವ ಮಗುವಿನ ತಾಯಿ ಆ ಸಭೆಯಲ್ಲಿ ಕೂತಿರುತ್ತಾಳೆಯೇ? ಈ ಏರ್ಪಾಡನ್ನು ನೆಮ್ಮದಿಯ ಕಾಲದಲ್ಲೇ ಮಾಡಿಟ್ಟುಕೊಳ್ಳಬೇಕು. ಬಲ್ಖ್‌ನ ಅಬೂ ಝೈದರು ಹೇಳಿದ್ದೂ ಅದನ್ನೇ.

ಹುಡುಗನಿಗೆ ಈಗ ಹನ್ನೆರಡು ದಾಟಿದೆ. ಬಸ್ಸು ನಿಂತ ತಿಂಗಳುಗಳಲ್ಲಿ 'ಔರ್' ಎಂಬ ಶಬ್ದ ಅವನ ಬಾಯಿಂದ ಹೋಯಿತು. ಮತ್ತೆ ಬರಲು ಎರಡು ವರ್ಷ ಹಿಡಿಯಿತು. 'ಪಾನಿ' ಮಾತ್ರ ಹೋಗಲಿಲ್ಲ. ಫೋನಿನ ಇಪ್ಪತ್ತು ನಿಮಿಷದಲ್ಲಿ ತಾಯಿ ಅದೊಂದನ್ನು ಹಿಡಿದಿಟ್ಟುಕೊಂಡಳು. ಕಳೆದ ಬಾರಿ ನಾವು ಹೋದಾಗ ಅವನು ನಮ್ಮ ಕಡೆ ನೋಡಲಿಲ್ಲ. ಆದರೆ ಬಿಸಿಲಲ್ಲಿ ಬಂದು ಕೂತಿದ್ದ ನಮ್ಮ ಮುಂದೆ ಒಂದು ತಂಬಿಗೆ ತಂದಿಟ್ಟು, ಗೋಡೆಯತ್ತ ಮುಖ ಮಾಡಿಕೊಂಡು, 'ಪಾನಿ' ಎಂದ.